ಜ್ವರ ಬಂದಾಗ, ಜ್ವರ ಬಿಟ್ಟಾಗ



ಜ್ವರವನ್ನು ಕುರಿತು ನಮ್ಮ ಭಾಷೆಯಲ್ಲಿ ಬಳಕೆಯಲ್ಲಿರುವ ಮಾತುಗಳು ವಿಚಾರಮಾಡತಕ್ಕವಾಗಿವೆ. ಜ್ವರವು ಬರುತ್ತದೆ, ಏರುತ್ತದೆ, ನೆತ್ತಿಗೇರುತ್ತದೆ, ಇಳಿಯುತ್ತದೆ, ಕಡೆಗೆ ಬಿಡುತ್ತದೆ. ಎಲ್ಲಿಂದಲೋ ಬಂದ ಪರಕೀಯನೊಬ್ಬನು ಮೈಯನ್ನು ಹೊಕ್ಕು, ಕೆಲವು ದಿನ ಕಾಡಿ, ಮನಸ್ಸು ಬಂದಾಗ ಬಿಟ್ಟುಹೋಗುವನೆಂಬ ಭಾವನೆ ಈ ಮಾತುಗಳಲ್ಲಿ ಅಡಗಿದೆ. ನಮ್ಮ ಪುರಾಣಗಳೂ ಹಾಗೆಯೇ ಹೇಳಿದುವು: ದಕ್ಷಯಜ್ಞದ ಕಾಲದಲ್ಲಿ ರುದ್ರನ ಕೋಪದಿಂದ ಜ್ವರವು ಹುಟ್ಟಿತಂತೆ. ಚರಕಸಂಹಿತೆಯ ನಿದಾನಸ್ಥಾನವು ಬೇರೆಲ್ಲ ರೋಗಗಳಿಗಿಂತ ಮೊದಲು ಜ್ವರವನ್ನೇ ಎತ್ತಿಕೊಳ್ಳುತ್ತದೆ. ರೋಗಗಳಿಗೆಲ್ಲ ರಾಜನೆಂಬ ಗೌರವವು ಅದಕ್ಕೆ ಬಹು ಹಿಂದೆಯೇ ಸಂದಿತು.

ನಾವು ವೈದ್ಯರಲ್ಲ, ಕಾಲೇಜಿನಲ್ಲಿ ಪಾಠ ಹೇಳುವವರು. ಆದರೂ ಜ್ವರವು ಬರದ ಮನೆಯಿಲ್ಲ. ವೈದ್ಯರು ಬರುವುದಕ್ಕೆ ಮುಂಚೆ, ಅವರ ಬಳಿಗೆ ಹೋಗಬೇಕೋ ಬೇಡವೋ ಎಂಬುದನ್ನು ನಿಶ್ಚಯಿಸುವವರು ಮನೆಯವರೇ. ಆ ನಿಶ್ಚಯವನ್ನು ತಿಳಿದು ಮಾಡುವುದು ಹೇಗೆ ಎಂಬುದಿಷ್ಟೇ ಈ ಹೊತ್ತಿನ ಮಾತು. ವಿದ್ಯಾವಂತರಾದ ನಾವು ಸಾಮಾನ್ಯವಾಗಿ ಮಾಪಕದಲ್ಲಿ ಕಾಣುವ ಅಂಕೆಗೆ ಹೆದರುತ್ತೇವೆ, ಅಂಕೆ ಇಳಿದೊಡನೆ ನಿಶ್ಚಿಂತರಾಗುತ್ತೇವೆ. ಈ ಹೆದರಿಕೆ ಎಷ್ಟೋ ವೇಳೆ ಅನಾವಶ್ಯಕ. ಆ ನಿಶ್ಚಿಂತೆಯಾದರೋ ಕೆಲವು ವೇಳೆ ಪ್ರಾಣಾಂತಿಕ.

ಮೊದಲು ಅಂಕೆಯ ಸಂಗತಿ. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ವೈದ್ಯರಾಗಿದ್ದ ವುಂಡರ್‌ಲಿಖ್ ಎಂಬುವರು ಸುಮಾರು 25,000 ರೋಗಿಗಳ ಮೈಶಾಖವನ್ನು ಅಳೆದು, 1868ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ನಮ್ಮೆಲ್ಲರ ಬಾಯಲ್ಲಿರುವ 98.6 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 37 ಡಿಗ್ರಿ ಸೆಲ್ಸಿಯಸ್, ಎಂಬ ಅಂಕೆ ನೆಲೆಯಾದದ್ದು ಅವರಿಂದ. ಆ ಕಾಲದ ಮಾಪಕಗಳು ಒಂದು ಅಡಿಯಷ್ಟು ಉದ್ದವಾಗಿದ್ದುವು. ಒಂದು ಸಲ ಅಳೆಯಲು ಇಪ್ಪತ್ತು ನಿಮಿಷಗಳು ಬೇಕಾಗುತ್ತಿದ್ದುವು. 1860ರ ದಶಕದಲ್ಲಿ ಇಂಗ್ಲೆಂಡಿನ ಆಲ್ಬಟ್ ಎಂಬ ವೈದ್ಯರು ಆರು ಅಂಗುಲದ ಮಾಪಕವನ್ನು ರೂಪಿಸಿದ ಮೇಲೆ ಅದು ವೈದ್ಯರ ಜೇಬಿಗೂ, ಅಲ್ಲಿಂದ ನಮ್ಮ ಮನೆಗಳಿಗೂ ಬಂದಿತು. ಜ್ವರವೇ ಒಂದು ರೋಗವಲ್ಲ, ರೋಗದ ಒಂದು ಚಿಹ್ನೆ ಎಂಬ ತಿಳಿವಳಿಕೆ ಬಲವಾಗಿ ಊರಿದ್ದೂ ವುಂಡರ್‌ಲಿಖ್ಖರ ಕಾಲದಿಂದಲೇ. ಪುರಾಣದ ರಾಜನು ದೂತನಾದನು.

ಈಚಿನ ಅಳತೆಗಳ ಪ್ರಕಾರ ಆರೋಗ್ಯವಂತರ ಸರಾಸರಿ ಶಾಖವು 98.6ಕ್ಕಿಂತ ಸ್ವಲ್ಪ ಕಡಮೆಯೇ. ಬೆಳಗಿನ ಜಾವ ಅದು ತಗ್ಗಿರುತ್ತದೆ, ಸಂಜೆಗೆ ಸುಮಾರು ಒಂದು ಡಿಗ್ರಿ ಏರುತ್ತದೆ. ಆದುದರಿಂದ ಸಂಜೆ ಕಂಡ 99ನ್ನು ಜ್ವರವೆಂದು ಕರೆಯಬೇಕಾಗಿಲ್ಲ, 100.4, ಅಂದರೆ 38 ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟಿದರೆ ಜ್ವರವೆನ್ನುವುದು ವಾಡಿಕೆ. ಕಂಕುಳಲ್ಲಿ ಅಳೆದರೆ ಬಾಯಲ್ಲಿ ಕಾಣುವುದಕ್ಕಿಂತ ಅರ್ಧದಿಂದ ಒಂದು ಡಿಗ್ರಿಯವರೆಗೆ ಕಡಮೆ ತೋರುತ್ತದೆ. ಬಿಸಿ ಕಾಫಿ ಕುಡಿದ ಕೂಡಲೆ ಬಾಯಲ್ಲಿ ಮಾಪಕವನ್ನಿಟ್ಟರೆ ಕಾಫಿಯ ಜ್ವರವು ಗೊತ್ತಾಗುವುದೇ ಹೊರತು ನಮ್ಮದಲ್ಲ. ಅರ್ಧ ಗಂಟೆ ತಡೆಯಬೇಕು. ಹಣೆಯ ಮೇಲೆ ಕೈಯಿಟ್ಟು ನೋಡುವ ತಾಯಿಯ ಪರೀಕ್ಷೆಯನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ವೈದ್ಯರಿಗೆ ಹೇಳುವುದಕ್ಕೆ ಅಂಕೆಯೇ ಬೇಕು.

ಇನ್ನು ಜ್ವರವು ಉಂಟಾಗುವ ಬಗೆ. ಮೆದುಳಿನ ತಳದಲ್ಲಿ ಹೈಪೊಥಲಾಮಸ್ ಎಂಬ ಒಂದು ಸಣ್ಣ ಭಾಗವುಂಟು. ಮೈಶಾಖವನ್ನು ಒಂದು ಮಟ್ಟದಲ್ಲಿ ನಿಲ್ಲಿಸುವುದು ಅದರ ಕೆಲಸ. ರೋಗಾಣುಗಳು ದೇಹವನ್ನು ಹೊಕ್ಕಾಗ ನಮ್ಮ ರಕ್ತದ ರಕ್ಷಕಕಣಗಳು ಕೆಲವು ರಸಾಯನಗಳನ್ನು ಹೊರಡಿಸುತ್ತವೆ. ಆ ಸಂದೇಶವನ್ನು ಪಡೆದ ಹೈಪೊಥಲಾಮಸ್ಸು ಮಟ್ಟವನ್ನೇ ಎತ್ತಿಬಿಡುತ್ತದೆ. 98 ಇದ್ದ ಗುರಿಯು 103 ಆಯಿತೆನ್ನೋಣ. ಆಗ 98ರಲ್ಲಿರುವ ದೇಹವು ತಾನು ತಣ್ಣಗಿರುವುದಾಗಿ ಭಾವಿಸಿ ನಡುಗತೊಡಗುತ್ತದೆ. ಮುಟ್ಟಿದವರಿಗೆ ಮೈ ಬಿಸಿ, ಮಲಗಿದವರಿಗೆ ಚಳಿ. ಗುರಿಯು ಮತ್ತೆ ಇಳಿದಾಗ ಬೆವರು ಸುರಿದು ಶಾಖವು ಹೊರಗೆ ಹೋಗುತ್ತದೆ. ಹೀಗೆ ಜ್ವರವು ಹೊರಗಿನಿಂದ ಬಂದ ಪರಕೀಯನಲ್ಲ; ನಮ್ಮ ದೇಹವೇ ರೋಗಾಣುವಿನೊಡನೆ ಹೋರಾಡಲು ಹೂಡಿದ ಒಲೆ.

ಇದನ್ನು ತಿಳಿದರೆ ಎರಡು ಭ್ರಮೆಗಳು ಹೋಗುತ್ತವೆ. ಜ್ವರವು ನೆತ್ತಿಗೇರಿ ಮೆದುಳನ್ನು ಸುಟ್ಟುಬಿಡುವುದೆಂಬುದು ಒಂದು. ಸೋಂಕಿನಿಂದ ಬರುವ ಜ್ವರವನ್ನು ದೇಹವು ಸಾಮಾನ್ಯವಾಗಿ 106 ಡಿಗ್ರಿಯ ಒಳಗೇ ತಡೆದು ನಿಲ್ಲಿಸುತ್ತದೆ. 102, 103ರ ಶಾಖದಿಂದಲೇ ಮೆದುಳಿಗೆ ಕೇಡಾಗುವುದಿಲ್ಲ. ತಣ್ಣೀರು ಸುರಿದರೆ ಜ್ವರ ಇಳಿಯುವುದೆಂಬುದು ಇನ್ನೊಂದು. ಗುರಿಯು ಮೇಲೆಯೇ ಇರುವಾಗ ಮಂಜಿನ ನೀರನ್ನು ಸೋಕಿಸಿದರೆ ದೇಹವು ಇನ್ನಷ್ಟು ನಡುಗಿ ಇನ್ನಷ್ಟು ಶಾಖವನ್ನು ಹುಟ್ಟಿಸುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೈಯೊರಸುವುದು ರೋಗಿಗೆ ಹಿತವೆನಿಸಿದರೆ ಒಳ್ಳೆಯದು; ನಡುಕ ಬಂದರೆ ನಿಲ್ಲಿಸಬೇಕು. ಬೆವರಲೆಂದು ಮೂರು ಕಂಬಳಿಗಳನ್ನು ಹೊದಿಸಿ ಕಿಟಕಿಗಳನ್ನು ಮುಚ್ಚುವುದೂ ಸಲ್ಲದು. ಚಳಿಯಿರುವಷ್ಟು ಹೊತ್ತು ಒಂದು ಹೊದಿಕೆ, ಅನಂತರ ತೆಳುವಾದ ಹತ್ತಿಬಟ್ಟೆ, ಗಾಳಿಯಾಡುವ ಕೋಣೆ: ಇಷ್ಟು ಸಾಕು.

ಇದಕ್ಕೊಂದು ಅಪವಾದವುಂಟು. ಬೇಸಗೆಯ ಬಿಸಿಲಿನಲ್ಲಿ ದುಡಿದವನು ಮೈ ಸುಡುತ್ತ, ಮಾತು ತೊದಲುತ್ತ ಬಿದ್ದರೆ ಅದು ಜ್ವರವಲ್ಲ, ಬಿಸಿಲಿನ ಹೊಡೆತ. ಅಲ್ಲಿ ಗುರಿಯು ಏರಿಲ್ಲ, ಶಾಖವು ಅಂಕೆತಪ್ಪಿದೆ. ಜ್ವರದ ಗುಳಿಗೆಯಿಂದ ಏನೂ ಪ್ರಯೋಜನವಿಲ್ಲ. ನೆರಳಿಗೆ ಸಾಗಿಸಿ, ಬಟ್ಟೆ ಸಡಿಲಿಸಿ, ತಣ್ಣೀರನ್ನೇ ಸುರಿದು ಗಾಳಿ ಬೀಸುತ್ತ, ಆ ಕ್ಷಣವೇ 108ಕ್ಕೆ ಕರೆಮಾಡಬೇಕು.

ಮನೆಯಲ್ಲಿ ಮಾಡತಕ್ಕ ಉಪಚಾರಗಳಲ್ಲಿ ಮೊದಲನೆಯದು ನೀರು. ಜ್ವರದಲ್ಲಿ ಉಸಿರಿನಿಂದಲೂ ಬೆವರಿನಿಂದಲೂ ನೀರು ಹೆಚ್ಚಾಗಿ ನಷ್ಟವಾಗುತ್ತದೆ. ಹಿಂದಿನವರು ಜ್ವರಕ್ಕೆ ಲಂಘನವನ್ನು ವಿಧಿಸುತ್ತಿದ್ದರು. ಹಸಿವಿಲ್ಲದವರಿಗೆ ಒಂದೆರಡು ಹೊತ್ತು ಅನ್ನವನ್ನು ಬಲಾತ್ಕರಿಸದಿರುವುದು ಸರಿಯೇ. ನೀರಿಗೆ ಮಾತ್ರ ಲಂಘನವು ಕೂಡದು. ಗಂಜಿ, ನೀರುಮಜ್ಜಿಗೆ, ಎಳನೀರು, ತಿಳಿಸಾರು, ಯಾವುದಾದರೂ ಆಗಬಹುದು. ಸ್ವಲ್ಪ ಸ್ವಲ್ಪವಾಗಿ, ಮೇಲಿಂದ ಮೇಲೆ ಕೊಡಬೇಕು. ವಾಂತಿಭೇದಿಗಳಿದ್ದರೆ ಔಷಧದ ಅಂಗಡಿಯ ಓ.ಆರ್.ಎಸ್. ಪುಡಿಯನ್ನು, ಪೊಟ್ಟಣದ ಮೇಲೆ ಹೇಳಿರುವಷ್ಟೇ ನೀರಿನಲ್ಲಿ ಕರಗಿಸಿ ಕೊಡಬೇಕು. ಅದು ಸಿಕ್ಕದ ಕಡೆ ಒಂದು ಲೀಟರು ಶುದ್ಧವಾದ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಹದ ಚಮಚದ ಲೆಕ್ಕ.

ಎರಡನೆಯದು ಔಷಧ. ಪ್ಯಾರಾಸಿಟಮಾಲ್ ಎಂಬುದು ರೋಗವನ್ನು ವಾಸಿಮಾಡುವ ಔಷಧವಲ್ಲ. ಏರಿದ ಗುರಿಯನ್ನು ಕೆಲವು ಗಂಟೆಗಳ ಮಟ್ಟಿಗೆ ಇಳಿಸಿ ರೋಗಿಗೆ ನೆಮ್ಮದಿ ಕೊಡುವುದು. ಆದುದರಿಂದ ನೋವು, ಸಂಕಟಗಳಿದ್ದರೆ ಕೊಡಬೇಕು; ಅಂಕೆಯನ್ನು ಇಳಿಸಲೆಂದೇ ನಿದ್ರಿಸುವ ಮಗುವನ್ನು ಎಬ್ಬಿಸಿ ಕುಡಿಸಬೇಕಾಗಿಲ್ಲ. ದೊಡ್ಡವರಿಗೆ ಒಂದು ಸಲಕ್ಕೆ 500 ಅಥವಾ 650 ಮಿಲಿಗ್ರಾಂ. ಎರಡು ಸಲಗಳ ನಡುವೆ ನಾಲ್ಕರಿಂದ ಆರು ಗಂಟೆ. ದಿನವೊಂದಕ್ಕೆ 4,000 ಮಿಲಿಗ್ರಾಂ ಎಂಬ ಗಡಿಯನ್ನು ಎಂದಿಗೂ ದಾಟಬಾರದು. ಯಕೃತ್ತಿನ ರೋಗವಿರುವವರಿಗೂ ಮದ್ಯಪಾನಿಗಳಿಗೂ ಗಡಿ ಇದಕ್ಕಿಂತ ಕೆಳಗೆ. ಅವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳತಕ್ಕದ್ದು. ನೆಗಡಿಗೆಂದು ಮಾರುವ ಅನೇಕ ಗುಳಿಗೆಗಳಲ್ಲಿ ಇದೇ ಔಷಧವು ಬೆರೆತಿರುತ್ತದೆ. ಎರಡನ್ನೂ ನುಂಗಿದವರು ತಮಗರಿಯದೆ ಇಮ್ಮಡಿ ನುಂಗಿದಂತಾಯಿತು. ಮಕ್ಕಳಿಗೆ ವಯಸ್ಸಿನ ಮೇಲಲ್ಲ, ತೂಕದ ಮೇಲೆ ಲೆಕ್ಕ: ಒಂದು ಸಲಕ್ಕೆ ಕಿಲೋ ಒಂದಕ್ಕೆ 10ರಿಂದ 15 ಮಿಲಿಗ್ರಾಂ. ಹತ್ತು ಕಿಲೋ ತೂಗುವ ಮಗುವಿಗೆ 150 ಮಿಲಿಗ್ರಾಮಿಗೆ ಮೀರಬಾರದು. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ಅಂಗಡಿಯ ಶೀಶೆಗಳೆಲ್ಲ ಒಂದೇ ಬಲದವಲ್ಲ: ಐದು ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು, ಹಸುಗೂಸುಗಳ ಹನಿಯೌಷಧದಲ್ಲಿ ಒಂದೇ ಮಿಲಿಲೀಟರಿಗೆ 100 ಮಿಲಿಗ್ರಾಂ. ಹಳೆಯ ಶೀಶೆಯ ಚಮಚದ ಲೆಕ್ಕವನ್ನು ಹೊಸ ಶೀಶೆಗೆ ಹೊಂದಿಸಿದರೆ ಅನರ್ಥವಾದೀತು. ಚೀಟಿಯನ್ನು ಓದಿಯೇ ಅಳೆಯಬೇಕು.

ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಕೊಡಬಾರದು. ನಿಮೆಸುಲೈಡ್ ಎಂಬುದನ್ನು ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಭಾರತ ಸರ್ಕಾರವು 2011ರಲ್ಲಿಯೇ ನಿಷೇಧಿಸಿತು. ಡೆಂಗ್ಯೂವಿನ ಸಂಶಯವಿರುವಾಗ ಆಸ್ಪಿರಿನ್, ಐಬುಪ್ರೊಫೆನ್ ಮುಂತಾದ ನೋವುಗುಳಿಗೆಗಳು ರಕ್ತಸ್ರಾವಕ್ಕೆ ದಾರಿಮಾಡುತ್ತವೆ, ಅವನ್ನು ದೂರವಿಡಬೇಕು. ಇನ್ನು ಆಂಟಿಬಯೋಟಿಕ್ಕುಗಳು. ವಿಷಮಶೀತಜ್ವರ ಬಂದರೆ ಮೂರು ವಾರ ಶುಶ್ರೂಷೆ ಮಾಡುತ್ತ ದೈವವನ್ನು ನಂಬಿ ಕಾಯಬೇಕಾಗಿದ್ದ ಕಾಲವೊಂದಿತ್ತು. 1948ರಲ್ಲಿ ಕ್ಲೋರಾಂಫೆನಿಕಾಲ್ ಎಂಬ ಔಷಧವನ್ನು ಪ್ರಯೋಗಿಸಿದಂದಿನಿಂದ ಆ ಭಯವು ತಗ್ಗಿತು. ಅಂತಹ ಅಮೃತವನ್ನು ಅಂಗಡಿಯವನ ಮಾತಿನ ಮೇಲೆ ಎರಡು ದಿನ ನುಂಗಿ ಬಿಟ್ಟರೆ, ಹೆಚ್ಚಿನ ಜ್ವರಗಳಿಗೆ ಕಾರಣವಾದ ವೈರಸ್ಸಿಗೆ ಅದರಿಂದ ಏನೂ ಆಗುವುದಿಲ್ಲ. ರಕ್ತಪರೀಕ್ಷೆಯಲ್ಲಿ ತಿಳಿಯಬೇಕಾಗಿದ್ದ ರೋಗಾಣುವು ಮರೆಯಾಗಿ ವೈದ್ಯರಿಗೆ ದಾರಿ ತಪ್ಪುತ್ತದೆ.

ಈಗ ಮುಖ್ಯವಾದ ಪ್ರಶ್ನೆ: ವೈದ್ಯರ ಬಳಿಗೆ ಯಾವಾಗ? ಕೈಬೆರಳುಗಳ ಮೇಲೆ ಎಣಿಸುವಂತೆ ಐದು ಸಂಗತಿಗಳನ್ನು ನೆನಪಿಟ್ಟರೆ ಸಾಕು: ವಯಸ್ಸು, ಎಚ್ಚರ, ಉಸಿರು, ನೀರು, ದಿನ.

ವಯಸ್ಸು: ಮೂರು ತಿಂಗಳು ತುಂಬದ ಕೂಸಿಗೆ 100.4 ಕಂಡರೆ ಮನೆಮದ್ದು ಬೇಡ, ಗುಳಿಗೆ ಬೇಡ, ಬೆಳಗಾಗಲೆಂದು ಕಾಯುವುದು ಬೇಡ. ಆಗಲೇ ಆಸ್ಪತ್ರೆಗೆ ಒಯ್ಯಬೇಕು. ಅಂತಹ ಕೂಸಿನ ಮೈ ತಣ್ಣಗಾಗಿ, ಹಾಲು ಬಿಟ್ಟರೂ ಅಷ್ಟೇ ಅಪಾಯ. ವೃದ್ಧರಲ್ಲಿ ದೊಡ್ಡ ಸೋಂಕಿಗೂ ಸಣ್ಣ ಜ್ವರವೇ ಕಾಣಬಹುದು. ಗರ್ಭಿಣಿಯರು, ಮಧುಮೇಹಿಗಳು, ಮೂತ್ರಪಿಂಡದ ರೋಗವುಳ್ಳವರು, ಅರ್ಬುದಕ್ಕೆ ಚಿಕಿತ್ಸೆ ಪಡೆಯುತ್ತಿರುವವರು, ಇವರಿಗೆಲ್ಲ ಕಾಯುವ ಅವಕಾಶವು ಕಡಮೆ.

ಎಚ್ಚರ: ಜ್ವರ ಸ್ವಲ್ಪ ಇಳಿದಾಗ ಮಗುವು ಕಣ್ಣರಳಿಸಿ ಆಡಿದರೆ 103 ಇದ್ದರೂ ಧೈರ್ಯದಿಂದಿರಬಹುದು. 101 ಇದ್ದರೂ ಎಬ್ಬಿಸಿದರೆ ಏಳದೆ, ತಾಯಿಯನ್ನು ಗುರುತಿಸದೆ, ಅಸಂಬದ್ಧವಾಗಿ ಮಾತನಾಡಿದರೆ ಧೈರ್ಯವು ಕೂಡದು. ಕುತ್ತಿಗೆ ಬಿಗಿದು ಬಗ್ಗದಿದ್ದರೆ, ಬೆಳಕು ಕಣ್ಣನ್ನು ಚುಚ್ಚಿದರೆ, ಗಾಜಿನ ಲೋಟವನ್ನು ಒತ್ತಿ ನೋಡಿದರೂ ಮಾಸದ ಕೆಂಪು ಚುಕ್ಕೆಗಳು ಮೈಮೇಲೆ ಕಂಡರೆ, ಗಂಟೆಗಳಲ್ಲ, ನಿಮಿಷಗಳ ಲೆಕ್ಕ. ಆರು ತಿಂಗಳಿಂದ ಐದು ವರ್ಷದವರೆಗಿನ ಕೆಲವು ಮಕ್ಕಳಿಗೆ ಜ್ವರದಲ್ಲಿ ಸೆಳೆತ ಬರುವುದುಂಟು. ನೋಡುವವರಿಗೆ ಭಯಂಕರವಾದರೂ ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಕೈಗೆ ಕಬ್ಬಿಣ ಕೊಡುವುದು, ಹಲ್ಲುಗಳ ನಡುವೆ ಚಮಚ ತೂರಿಸುವುದು, ನೀರು ಕುಡಿಸುವುದು, ಯಾವುದೂ ಬೇಡ. ಮಗುವನ್ನು ಪಕ್ಕಕ್ಕೆ ಮಲಗಿಸಿ ಗಡಿಯಾರವನ್ನು ನೋಡಬೇಕು. ಐದು ನಿಮಿಷಕ್ಕೆ ನಿಲ್ಲದಿದ್ದರೆ 108. ನಿಂತರೂ, ಮೊದಲನೆಯ ಸಲವಾಗಿದ್ದರೆ, ಅಂದೇ ವೈದ್ಯರಿಗೆ ತೋರಿಸತಕ್ಕದ್ದು.

ಉಸಿರು: ಮಗುವು ಅಳದೆ ಇರುವಾಗ ಒಂದು ನಿಮಿಷ ಪೂರ್ತಿಯಾಗಿ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗೆ 50, ಐದು ವರ್ಷದವರೆಗೆ 40. ಇಷ್ಟು ಅಥವಾ ಇದಕ್ಕೆ ಮೇಲ್ಪಟ್ಟರೆ, ಅಥವಾ ಉಸಿರೆಳೆದಾಗ ಪಕ್ಕೆಗಳ ಕೆಳಗೆ ಗುಳಿ ಬಿದ್ದರೆ, ಪುಪ್ಪುಸದ ಸೋಂಕನ್ನು ಶಂಕಿಸಬೇಕು. ದೊಡ್ಡವರು ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಲಾರದಿದ್ದರೂ ಹಾಗೆಯೇ.

ನೀರು: ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು? ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಆರು ಗಂಟೆಗಳ ಕಾಲ ಮೂತ್ರವೇ ಹೋಗದಿದ್ದರೆ, ಬಾಯಿ ಒಣಗಿ ಕಣ್ಣು ಗುಳಿಬಿದ್ದರೆ, ಮನೆಯ ಉಪಚಾರವು ಸಾಲದು.

ದಿನ: ಮೂರು ದಿನ ಕಳೆದರೂ ಇಳಿಯದ ಜ್ವರವನ್ನು, ಅದು ಎಷ್ಟೇ ಸಣ್ಣದಾಗಿರಲಿ, ವೈದ್ಯರು ನೋಡಬೇಕು. ದೊಡ್ಡವರಿಗೆ 103 ದಾಟಿದರೆ, ಯಾರಿಗೇ ಆಗಲಿ 104 ಮುಟ್ಟಿದರೆ, ದಿನವನ್ನೆಣಿಸದೆ ಅಂದೇ ಹೋಗಬೇಕು. ಮಲೇರಿಯ ಇರುವ ಕಡೆಗೆ ಹೋಗಿ ಬಂದವರು ಮೊದಲನೆಯ ದಿನವೇ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಬೇಸಗೆಗೆ ಮುಂಚೆ ಮಲೆನಾಡಿನ ಕಾಡುಗಳಲ್ಲಿ ತಿರುಗಿ ಬಂದವರು ಆ ಸಂಗತಿಯನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಂಡುಬಂದ, ಉಣ್ಣೆಗಳಿಂದ ಹರಡುವ ಮಂಗನ ಕಾಯಿಲೆಯು ನಗರದ ವೈದ್ಯರಿಗೆ ಹೇಳದೆ ಹೊಳೆಯುವಂಥದಲ್ಲ.

ಕಡೆಯದಾಗಿ, ಜ್ವರ ಬಿಟ್ಟಿತೆಂಬ ಮಾತು. ಮಲೇರಿಯದ ಜ್ವರವು ಬೆವರಿ ಬಿಟ್ಟು, ಮತ್ತೆ ದಿನಬಿಟ್ಟು ದಿನ ಬರುತ್ತದೆ. ಮಂಗನ ಕಾಯಿಲೆಯಲ್ಲಿ ಕೆಲವರಿಗೆ ಒಂದೆರಡು ವಾರ ನೆಮ್ಮದಿ ಕೊಟ್ಟು ಎರಡನೆಯ ಸಲ ಮರಳುತ್ತದೆ. ಇವೆರಡಕ್ಕಿಂತಲೂ ನಗರವಾಸಿಗಳಾದ ನಾವು ತಿಳಿಯಬೇಕಾದದ್ದು ಡೆಂಗ್ಯೂ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರವು ಇದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಬೇಕಾಯಿತು. ಇದನ್ನು ಹರಡುವ ಸೊಳ್ಳೆಯು ಹಗಲಿನಲ್ಲಿ ಕಚ್ಚುವುದು, ನಮ್ಮ ಮನೆಯ ಹೂಕುಂಡಗಳಲ್ಲಿಯೂ ತೊಟ್ಟಿಗಳಲ್ಲಿಯೂ ನಿಂತ ತಿಳಿನೀರಿನಲ್ಲಿಯೇ ಹುಟ್ಟುವುದು. ಈ ರೋಗದಲ್ಲಿ ಮೊದಲ ಮೂರು ನಾಲ್ಕು ದಿನ ಜ್ವರವು ಸುಡುತ್ತದೆ, ಮೈಕೈ ಮುರಿಯುತ್ತದೆ. ಆಮೇಲೆ, ಹೆಚ್ಚಾಗಿ ಮೂರರಿಂದ ಏಳನೆಯ ದಿನದೊಳಗೆ, ಜ್ವರವು ಇಳಿಯುತ್ತದೆ. ಮನೆಯವರು ದೇವರಿಗೆ ಕೈಮುಗಿದು ಕೆಲಸಕ್ಕೆ ಹೊರಡುವ ದಿನವದು. ಆದರೆ ಅಪಾಯವು ತಲೆಯೆತ್ತುವುದು ಆಗಲೇ. ಕೆಲವರಲ್ಲಿ ಆ ಹೊತ್ತಿಗೆ ಸೂಕ್ಷ್ಮ ರಕ್ತನಾಳಗಳು ಸೋರತೊಡಗಿ, ರಕ್ತದ ನೀರು ನಾಳಗಳಿಂದ ಹೊರಕ್ಕೆ ಜಿನುಗುತ್ತದೆ; ರಕ್ತದ ಒತ್ತಡವು ಕುಸಿಯುತ್ತದೆ. ಈ ಅವಧಿಯು 24ರಿಂದ 48 ಗಂಟೆಗಳು.

ಆ ಎರಡು ದಿನ ಅಂಕೆಯನ್ನು ನಂಬಬಾರದು, ರೋಗಿಯನ್ನು ನೋಡಬೇಕು. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡಿನಿಂದಲೋ ಮೂಗಿನಿಂದಲೋ ರಕ್ತ, ಕಪ್ಪಾದ ಮಲ, ತಣ್ಣಗಾದ ಕೈಕಾಲು, ಎದ್ದುನಿಂತರೆ ಕಣ್ಣುಕತ್ತಲೆ, ಅತಿಯಾದ ಮಂಪರು ಅಥವಾ ಚಡಪಡಿಕೆ, ಕಡಮೆಯಾದ ಮೂತ್ರ: ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಬೇಕು. ಸಕಾಲದಲ್ಲಿ ಬಂದ ರೋಗಿಯನ್ನು ಅಳತೆಯರಿತು ಕೊಟ್ಟ ದ್ರವಗಳಿಂದಲೇ ಬಹುಪಾಲು ಉಳಿಸಿಕೊಳ್ಳಬಹುದು. ತಡವಾಗಿ ಬಂದವರಿಗೆ ಅದೇ ಚಿಕಿತ್ಸೆಯು ಎಷ್ಟೋ ವೇಳೆ ಎಟುಕುವುದಿಲ್ಲ.

ಇಷ್ಟೆಲ್ಲ ನೋಡುವುದಕ್ಕೆ ನೋಡುವವರೊಬ್ಬರು ಬೇಕಷ್ಟೆ. ಮನೆಯ ಮಗುವಿಗೆ ಜ್ವರ ಬಂದರೆ ಹತ್ತು ಕೈಗಳು ಹಣೆಯನ್ನು ಮುಟ್ಟುತ್ತವೆ. ಮನೆಯೊಡತಿಗೆ ಬಂದರೆ ಆಕೆ ಸೆರಗು ಬಿಗಿದು ಒಲೆಯ ಮುಂದೆ ನಿಂತಿರುತ್ತಾಳೆ, ಅಳೆದು ನೋಡುವವರಿಲ್ಲ. ಊರುಬಿಟ್ಟು ಬಂದು ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಒಂಟಿಯಾಗಿ ಮಲಗಿದ ಹುಡುಗನಿಗೂ ಯಾರಿಲ್ಲ. ತನಗೆ ಮಂಪರು ಹೆಚ್ಚುತ್ತಿದೆಯೆಂದು ಮಂಪರಿನಲ್ಲಿರುವವನು ತಾನೇ ಅರಿಯಲಾರನು. ಆದುದರಿಂದ ಜ್ವರವಿರುವವರನ್ನು ನಾಲ್ಕು ಗಂಟೆಗೊಮ್ಮೆ ಮಾತನಾಡಿಸುವ ಹೊಣೆಯನ್ನು ಒಬ್ಬರು ವಹಿಸಿಕೊಳ್ಳಲಿ. ಒಂದು ಹಾಳೆಯ ಮೇಲೆ ವೇಳೆ, ಶಾಖ, ಕೊಟ್ಟ ಔಷಧ, ಕುಡಿದ ನೀರು, ಹೋದ ಮೂತ್ರ, ಇಷ್ಟನ್ನು ಬರೆದಿಡಲಿ. ವೈದ್ಯರಿಗೆ ಆ ಹಾಳೆಯು ಅರ್ಧ ಗಂಟೆಯ ಪ್ರಶ್ನೋತ್ತರವನ್ನು ಉಳಿಸುತ್ತದೆ. ಜ್ವರ ಬಿಟ್ಟ ಮೇಲೂ ಎರಡು ದಿನ ಆ ಹಾಳೆಯನ್ನು ಮುಂದುವರಿಸಬೇಕು. ಬಿಟ್ಟದ್ದು ಜ್ವರವೋ ರೋಗವೋ ಎಂಬುದು ಆ ಎರಡು ದಿನಗಳಲ್ಲಿ ತಾನಾಗಿ ತಿಳಿಯುತ್ತದೆ.